ತ್ರಿಕೋನ, ವೃತ್ತ ಮತ್ತು ಗಂಗವ್ವಾಯಿ

ನನಗೊಂದು ಚಟವಿದೆ, ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ಮದುವೆ ಊಟಕ್ಕೆ ಕುಳಿತಾಗ ಎದುರಿನ ಪಂಕ್ತಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂಬುದು ತಿಳಿಯುವತನಕ ನನಗೆ ಊಟ ರುಚಿಸುವುದಿಲ್ಲ. ಆ ಹಸಿರು ಇಳಕಲ್ ಸೀರೆಯಾಕೆ ವರನಿಗೆ ಸೋದರತ್ತೆಯೋ, ಚಿಗವ್ವನೋ? ಅಷ್ಟು ಅಧಿಕಾರದಿಂದ ತುಪ್ಪ ಬಡಿಸುತ್ತಿರುವವನು ಮನೆಯ ಅಳಿಯನೋ, ಅಳಿಯನಾಗಬೇಕೆಂದು ಓಡಾಡುತ್ತಿರುವವನೋ? ನನ್ನ ಹೆಂಡತಿ ಮೊಣಕೈಯಲ್ಲಿ ತಿವಿದು, ಮಂದಿ ನೋಡ್ತಾರ, ಮೊದಲ ಉಣ್ರಿ ಎನ್ನುತ್ತಾಳೆ. ಮಂದಿಯನ್ನು ನೋಡುವುದನ್ನೇ ಎರಡು ವರ್ಷ ಕುಳಿತು ಕಲಿತವನಿಗೆ ಈ ಮಾತು ಹೇಳಿದರೆ ಏನು ಪ್ರಯೋಜನ?

ಹೌದು, ಎಪ್ಪತ್ತರ ದಶಕದ ಕೊನೆಯ ಭಾಗದಲ್ಲಿ ನಾನು ಧಾರವಾಡದಲ್ಲಿ ಮಾನವಶಾಸ್ತ್ರ ಓದಿದೆ. ಗದಗಿನ ನಮ್ಮ ಓಣಿಯಲ್ಲಿ ಆ ಹೆಸರನ್ನು ಕೇಳಿದವರು ಯಾರೂ ಇರಲಿಲ್ಲ. ನಮ್ಮಪ್ಪ ಲಕ್ಷ್ಮೇಶ್ವರದಲ್ಲಿ ಬಹಳ ವರ್ಷ ಮಾಸ್ತರಿಕೆ ಮಾಡಿ, ನಿವೃತ್ತರಾದ ಮೇಲೆ ಗದಗಿಗೆ ಬಂದು ನೆಲೆಸಿದವರು. ಮಗ ಏನು ಓದುತ್ತಾನೆ ಎಂದು ಯಾರಾದರೂ ಕೇಳಿದರೆ ಮೊದಲು ಒಮ್ಮೆ ಕೆಮ್ಮುತ್ತಿದ್ದರು. ಆಮೇಲೆ, ಮನುಷ್ಯರ ಬಗ್ಗೆ ಓದುತ್ತಾನೆ ಎನ್ನುತ್ತಿದ್ದರು. ಕೇಳಿದವರು ಬಿಡುತ್ತಿರಲಿಲ್ಲ: ಮನುಷ್ಯರ ಬಗ್ಗೆ ಓದುವುದೇನಿದೆ, ಸಂಜೆ ನಾಲ್ಕು ಮಂದಿಯೊಡನೆ ಕಟ್ಟೆಯ ಮೇಲೆ ಕುಳಿತರೆ ತಾನಾಗಿಯೇ ತಿಳಿಯುವುದಿಲ್ಲವೇ?

ಈ ಶಾಸ್ತ್ರಕ್ಕೆ ನಾಲ್ಕು ಕೊಂಬೆಗಳೆಂದು ನಮ್ಮ ಗುರುಗಳು ಮೊದಲ ದಿನವೇ ಹಲಗೆಯ ಮೇಲೆ ಒಂದು ಗಿಡ ಬರೆದು ತೋರಿಸಿದ್ದರು. ಮನುಷ್ಯನ ಮೈ ಒಂದು, ಅವನು ಮಣ್ಣಿನೊಳಗೆ ಬಿಟ್ಟುಹೋದ ಸಾಮಾನು ಇನ್ನೊಂದು, ಅವನ ಮಾತು ಮತ್ತೊಂದು, ನಾಲ್ಕನೆಯದು ಅವನ ಕೂಡುಬಾಳು. ನಾನು ಒಂದೊಂದೇ ಕೊಂಬೆ ಹಿಡಿದು ಜೋತಾಡಿ ನೋಡಿದೆ. ಮೈಯ ವಿಭಾಗದಲ್ಲಿ ತಲೆ ಅಳೆಯಲು ಇಕ್ಕಳದಂಥ ಒಂದು ಉಪಕರಣವಿತ್ತು. ಅದನ್ನು ರಜೆಯಲ್ಲಿ ಬೇಡಿ ತಂದು, ಬೆಟಗೇರಿಯ ನೇಕಾರರ ಓಣಿಯ ಒಂದು ಕ್ಷೌರದಂಗಡಿಯಲ್ಲಿ ಕುಳಿತೆ. ತಲೆಗಳು ತಾವಾಗಿಯೇ ನಡೆದು ಬರುವ ಜಾಗ ಅದಕ್ಕಿಂತ ಬೇರೆ ಎಲ್ಲಿದೆ? ಮೂರು ತಲೆ ಅಳೆಯುವಷ್ಟರಲ್ಲಿ, ಸರಕಾರದವರು ಅಳತೆ ತೆಗೆದುಕೊಂಡು ಟೋಪಿ ಹಂಚುತ್ತಾರಂತೆ ಎಂದು ಸುದ್ದಿ ಹಬ್ಬಿ, ಮಂದಿ ಮಗ್ಗ ಬಿಟ್ಟು ಬಂದು ಸಾಲುಹಚ್ಚಿ ನಿಂತರು. ಟೋಪಿಯಿಲ್ಲ ಎಂದು ತಿಳಿದ ಮೇಲೆ ಅಂಗಡಿಯವನು ಚಹಾ ಕುಡಿಸಿ, ಬಹಳ ಗೌರವದಿಂದ ನನ್ನನ್ನು ಹೊರಗೆ ಕಳಿಸಿದ.

ಮಣ್ಣಿನ ಕೊಂಬೆಯೂ ಒಲಿಯಲಿಲ್ಲ. ಶಿರಹಟ್ಟಿ ಕಡೆಯ ಒಂದು ಹಳ್ಳದ ದಂಡೆಯಲ್ಲಿ ಕರಿಗೆಂಪು ಗಡಿಗೆಚೂರುಗಳನ್ನು ಹೆಕ್ಕಿ, ಚೀಲ ತುಂಬಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಿದ್ದೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವ್ವ ಅವನ್ನು ಬಚ್ಚಲು ನೀರು ಹರಿಯುವ ಕಡೆ ರಾಡಿಯಾಗದ ಹಾಗೆ ಒತ್ತಿ ಕೂರಿಸಿದ್ದಳು. ಒಡೆದ ಗಡಿಗೆ ಅದಕ್ಕಲ್ಲದೆ ಮತ್ತೇತಕ್ಕೆ ಬರುತ್ತದೆ ಎಂದು ನನ್ನನ್ನೇ ಕೇಳಿದಳು. ಆ ಗಡಿಗೆ ಮೊದಲ ಸಲ ಒಡೆದಾಗಲೂ ಯಾವಳೋ ತಾಯಿ ಇದೇ ಮಾತು ಹೇಳಿರಬೇಕು ಎಂದು ಗುರುಗಳು ಆಮೇಲೆ ನನ್ನನ್ನು ಸಮಾಧಾನ ಮಾಡಿದರು. ಇನ್ನು ಮಾತಿನ ಕೊಂಬೆಯನ್ನು ನಾನು ಹತ್ತಲೇ ಇಲ್ಲ. ಅದಕ್ಕೆ ಕಿವಿ ಬೇಕು. ದೇವರು ನನಗೆ ಕೊಟ್ಟದ್ದು ಬಾಯಿ.

ಹೀಗೆ ಜಾರುತ್ತ ಜಾರುತ್ತ ಬಂದು ನಾನು ಕುಳಿತದ್ದು ಕೂಡುಬಾಳಿನ ಕೊಂಬೆಯ ಮೇಲೆ, ಅದರಲ್ಲೂ ನೆಂಟಸ್ತಿಕೆಯ ಅಧ್ಯಯನದಲ್ಲಿ. ಒಂದು ಹಳ್ಳಿಗೆ ಹೋಗಿ ನಾಲ್ಕು ತಿಂಗಳು ಇರು, ಅವರು ಉಂಡದ್ದನ್ನು ಉಣ್ಣು, ಅವರು ಮಾಡಿದ್ದನ್ನು ಮಾಡು, ಯಾರು ಯಾರಿಗೆ ಏನಾಗಬೇಕೆಂಬುದನ್ನು ಬರೆದುಕೊಂಡು ಬಾ ಎಂದರು ಗುರುಗಳು. ಗುರುತಿಲ್ಲದ ಊರಾಗಿರಬೇಕು ಎಂಬುದೊಂದು ಕಟ್ಟಳೆ. ಗುರುತಿಲ್ಲದ ಊರಿನಲ್ಲಿ ಊಟಕ್ಕೆ ಯಾರು ಹಾಕುತ್ತಾರೆ ಎಂದು ನಮ್ಮಪ್ಪ ಯಳವತ್ತಿಯ ಮಲ್ಲಪ್ಪನವರಿಗೆ ಕಾಗದ ಬರೆದುಬಿಟ್ಟರು. ಮಲ್ಲಪ್ಪ ಲಕ್ಷ್ಮೇಶ್ವರದ ಶಾಲೆಯಲ್ಲಿ ನಮ್ಮಪ್ಪನ ಕೈಯಲ್ಲಿ ಪೆಟ್ಟು ತಿಂದು ಬೆಳೆದವರು. ಪೆಟ್ಟಿನ ಋಣ ತೀರಿಸಲು ಅವಕಾಶ ಸಿಕ್ಕಿತೆಂಬ ಸಂತೋಷದಲ್ಲಿ ಅವರು ಪಡಸಾಲೆಯ ಒಂದು ಮೂಲೆಯನ್ನು ನನಗೆ ಬಿಟ್ಟುಕೊಟ್ಟರು. ಮನೆಯಲ್ಲಿ ಅವರ ತಾಯಿ ಚನ್ನವ್ವಾಯಿ, ತಂದೆ ರುದ್ರಪ್ಪ ಮುತ್ಯಾ (ನಮ್ಮ ಕಡೆ ಅಜ್ಜಿ ಆಯಿ, ಅಜ್ಜ ಮುತ್ಯಾ), ಮಲ್ಲಪ್ಪನವರ ಹೆಂಡತಿ, ಮದುವೆಗೆ ಬಂದ ಒಬ್ಬಳೇ ಮಗಳು ಕಸ್ತೂರಿ. ನನ್ನ ಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಚನ್ನವ್ವಾಯಿ ನನಗೆ ಮುಖ್ಯ ಮಾಹಿತಿದಾರರು. ಆಯಿಯ ಭಾಷೆಯಲ್ಲಿ ನಾನು ‘ಮಾಸ್ತರ ಮಗ, ಪಾಪ’.

ಮೂರು ದಿನದಲ್ಲಿ ನಾನು ಆಯಿಯಿಂದ ತಿಳಿದದ್ದು ಅವರ ಹೆಸರು ಮತ್ತು ತವರು: ಮಾಗಡಿ, ಚಳಿಗಾಲಕ್ಕೆ ಕೆರೆಯ ತುಂಬ ಪರದೇಶದ ಹಕ್ಕಿ ಬಂದು ಇಳಿಯುತ್ತವಲ್ಲ, ಆ ಊರು. ಅದೇ ಮೂರು ದಿನದಲ್ಲಿ ಆಯಿ ನನ್ನಿಂದ ತಿಳಿದದ್ದು ಅಪ್ಪನ ಸಕ್ಕರೆಕಾಯಿಲೆ, ತಂಗಿಗೆ ಬಂದು ಮುರಿದುಹೋದ ಎರಡು ಸಂಬಂಧ, ನನ್ನ ಹೊಟ್ಟೆಯ ಸ್ಥಿತಿ, ಮತ್ತು ಧಾರವಾಡದ ಒಬ್ಬ ಹುಡುಗಿಯ ಹೆಸರು. ಅದನ್ನು ನಾನು ಯಾವಾಗ ಬಾಯಿಬಿಟ್ಟೆನೆಂದು ಇವತ್ತಿಗೂ ತಿಳಿದಿಲ್ಲ. ಇಬ್ಬರಲ್ಲಿ ಯಾರು ಯಾರನ್ನು ಅಧ್ಯಯನ ಮಾಡಿದರೆಂದು ನೀವೇ ಹೇಳಿ. ಅವರು ಮಾಡಿದ್ದನ್ನು ಮಾಡು ಎಂದಿದ್ದರಲ್ಲ, ಹತ್ತಿ ಬಿಡಿಸಲು ಹೊಲಕ್ಕೂ ಹೋದೆ. ಸಂಜೆಯವರೆಗೆ ಬಿಡಿಸಿದ್ದು ಒಂದು ತಲೆದಿಂಬಿಗೂ ಸಾಲುವಂತಿರಲಿಲ್ಲ. ಸಂಸ್ಕೃತಿ ಎಂಬುದು ಹುಟ್ಟಿನಿಂದ ಬರುವಂಥದ್ದಲ್ಲ, ಸುತ್ತಲಿನವರಿಂದ ಕಲಿತದ್ದು ಎಂದು ಪುಸ್ತಕದಲ್ಲಿ ಓದಿದ್ದೆ. ಕಸ್ತೂರಿಯ ಪಕ್ಕ ಕುಳಿತು ರೊಟ್ಟಿ ಬಡಿಯಲು ಹೋದ ದಿನ ಅದು ಸುಲಭಕ್ಕೆ ಕಲಿಯುವಂಥದ್ದೂ ಅಲ್ಲ ಎಂದು ಗೊತ್ತಾಯಿತು. ನನ್ನ ರೊಟ್ಟಿಯನ್ನು ಮನೆಯವರು ನಗುತ್ತಲೇ ಎಮ್ಮೆಗೆ ಹಾಕಿದರು.

ನಕ್ಷೆ ಬರೆಯುವುದರಲ್ಲಿ ಮಾತ್ರ ನನ್ನ ಕೈ ಚೆನ್ನಾಗಿತ್ತು. ಗಂಡಸಿಗೆ ತ್ರಿಕೋನ, ಹೆಂಗಸಿಗೆ ವೃತ್ತ, ಗಂಡಹೆಂಡಿರ ನಡುವೆ ಜೋಡಿಗೀಟು, ಒಡಹುಟ್ಟಿದವರಿಗೆ ತಲೆಯ ಮೇಲೊಂದು ಅಡ್ಡಗೀಟು. ಖಾಕಿ ಕಾಗದದ ಹಾಳೆಗಳನ್ನು ಅಂಟಿಸಿ ಅಂಟಿಸಿ ಪಡಸಾಲೆಯ ಒಂದು ಗೋಡೆಯ ತುಂಬ ಯಳವತ್ತಿಯನ್ನು ಹರಡಿದೆ. ಸಂಜೆಯಾಯಿತೆಂದರೆ ಊರವರು ತಮ್ಮನ್ನು ತಾವು ಹುಡುಕಿಕೊಳ್ಳಲು ಬರುತ್ತಿದ್ದರು. ನನ್ನ ತ್ರಿಕೋನ ಯಾಕೆ ತಮ್ಮನದಕ್ಕಿಂತ ಸಣ್ಣದಿದೆ ಎಂದು ಒಬ್ಬರು ಜಗಳ ತೆಗೆದರು. ತೀರಿಕೊಂಡವರ ಮೇಲೆ ಓರೆಗೀಟು ಎಳೆಯುವುದು ಶಾಸ್ತ್ರದ ಪದ್ಧತಿ. ಪಕ್ಕದ ಮನೆಯ ಮುದುಕಿ ತನ್ನ ಗಂಡನ ತ್ರಿಕೋನಕ್ಕೆ ಗೀಟು ಹೊಡೆಯಲು ಬಿಡಲಿಲ್ಲ. ಅಂವ ಇರೂತನಕ ಒಂದು ಪೆಟ್ಟು ತಿಂದವನಲ್ಲ, ಈಗ ನೀ ಹೊಡೀಬ್ಯಾಡ ಎಂದಳು. ಹೊಡೆಯಲಿಲ್ಲ.

ಇಲ್ಲಿ ಸ್ವಲ್ಪ ಪಾಠ ಹೇಳಬೇಕು, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಹೆಣ್ಣು ಕೊಡುವಾಗ ತರುವಾಗ ಎರಡು ಮಾತು ಕೇಳುತ್ತಾರೆ. ಒಂದು ಬೆಡಗು, ಅಂದರೆ ವಂಶದ ಹೆಸರು. ಅದು ಎರಡು ಕಡೆಗೂ ಒಂದೇ ಇರಬಾರದು. ಇನ್ನೊಂದು ವರಸೆ, ಅಂದರೆ ನೆಂಟಸ್ತಿಕೆಯ ಲೆಕ್ಕ. ಅಣ್ಣನ ಮಕ್ಕಳಿಗೂ ತಂಗಿಯ ಮಕ್ಕಳಿಗೂ ಮದುವೆಯಾಗುತ್ತದೆ, ಎಷ್ಟೋ ಮನೆಗಳಲ್ಲಿ ಅದೇ ಮೊದಲ ಹಕ್ಕು. ಆದರೆ ಅಕ್ಕತಂಗಿಯರ ಮಕ್ಕಳು ಪರಸ್ಪರ ಒಡಹುಟ್ಟಿದವರ ಲೆಕ್ಕ, ಆ ಮಕ್ಕಳಲ್ಲಿ ಗಂಡುಮಕ್ಕಳಿಗೆ ಹುಟ್ಟಿದವರೂ ಅಣ್ಣತಂಗಿಯರೇ. ಅವರ ನಡುವೆ ಮದುವೆಯ ಮಾತೆತ್ತಿದರೆ ಹಿರಿಯರು ಕಿವಿ ಮುಚ್ಚಿಕೊಳ್ಳುತ್ತಾರೆ. ದಪ್ಪ ದಪ್ಪ ಪುಸ್ತಕಗಳಲ್ಲಿ ನಾನು ಮೂರು ತಿಂಗಳು ತಿಣುಕಿ ತಿಳಿದುಕೊಂಡ ಈ ಸಂಗತಿ ಯಳವತ್ತಿಯಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳಿಗೂ ಗೊತ್ತಿತ್ತು.

ಆಯಿಯನ್ನು ಒಡಹುಟ್ಟಿದವರ ಬಗ್ಗೆ ಕೇಳಿದಾಗ, ಒಬ್ಬಳೇ ತಂಗಿ, ಗಂಗವ್ವ ಅಂತ, ಮುಂಡರಗಿಯಲ್ಲಿದ್ದಾಳೆ ಎಂದಿದ್ದರು. ನಾನು ಶಾಸ್ತ್ರ ಓದಿದವನು, ಅಷ್ಟಕ್ಕೇ ಬಿಡುವೆನೇ? ಇಬ್ಬರಿಗೂ ಒಬ್ಬನೇ ತಂದೆಯೇ ಎಂದು ಕೇಳಿದೆ. “ಒಬ್ಬನ ಅಪ್ಪ. ಒಂದ ಮಣಿ ಮ್ಯಾಲ ಕುಂದ್ರಿಸಿ ಇಬ್ಬರಿಗೂ ಉಡಿ ತುಂಬ್ಯಾನ” ಎಂದರು. ಉಡಿ ತುಂಬುವುದೆಂದರೆ ತವರಿನವರು ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಹರಸುವುದು. ಅದು ನಿಮಗೂ ಗೊತ್ತು. ‘ಒಬ್ಬನೇ ತಂದೆ’ ಎಂದು ಬರೆದುಕೊಂಡೆ. ಉಡಿಯ ವಿಷಯ ಅಪ್ರಸ್ತುತ ಎಂದು ಬಿಟ್ಟೆ. ಎರಡು ವೃತ್ತ ಬರೆದು, ಮೇಲೊಂದು ಅಡ್ಡಗೀಟು ಎಳೆದು, ಮಾಗಡಿಯ ಅಪ್ಪನಿಗೆ ಜೋಡಿಸಿದೆ. ನನ್ನ ಜೀವನದಲ್ಲಿ ನಾನು ಎಳೆದ ಅತ್ಯಂತ ನೇರವಾದ ಗೀಟು ಅದು.

ಈ ಗಂಗವ್ವಾಯಿಯ ಮೊಮ್ಮಗ ಈರಣ್ಣನಿಗೇ ಕಸ್ತೂರಿಯನ್ನು ಕೊಡಬೇಕೆಂದು ಚನ್ನವ್ವಾಯಿ ಎರಡು ವರ್ಷದಿಂದ ಜಪ ಮಾಡುತ್ತಿದ್ದರು. ಬೇರೆ ಸಂಬಂಧ ಬಂದರೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಈರಣ್ಣ ಒಂದು ಸಲ ಬಂದುಹೋದದ್ದನ್ನು ನಾನು ನೋಡಿದ್ದೆ. ಅವನು ಹೋದ ಮೇಲೆ ಕಸ್ತೂರಿ ಎರಡು ದಿನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಅಷ್ಟು ಅವಲೋಕನ ನನಗೂ ಬರುತ್ತಿತ್ತು. ಒಪ್ಪಿಗೆಯೆಲ್ಲ ಆಗಿ, ಒಂದು ಸೋಮವಾರ ನಿಶ್ಚಯಕ್ಕೆಂದು ಮುಂಡರಗಿಯವರು ಬಂದರು. ಈರಣ್ಣನ ತಂದೆ ಇರಲಿಲ್ಲ, ತೀರಿಕೊಂಡಿದ್ದರು. ಹಾಗಾಗಿ ಯಜಮಾನಿಕೆ ಹುಡುಗನ ಸೋದರಮಾವ ವೀರಭದ್ರಪ್ಪನವರದು. ಮುಂಡರಗಿಯಲ್ಲಿ ಕಾಳಿನ ವ್ಯಾಪಾರ, ಮಾತು ಕಡಿಮೆ, ಪ್ರತಿಯೊಂದನ್ನೂ ಎರಡು ಸಲ ನೋಡುವ ಮನುಷ್ಯ. ಅವರ ಜೊತೆ ಗಂಗವ್ವಾಯಿ ಬಂದರು. ಬಂದವರೇ ನೆಟ್ಟಗೆ ಚನ್ನವ್ವಾಯಿಯ ಪಕ್ಕ ಹೋಗಿ ಕುಳಿತು, ಒಬ್ಬರ ಕೈ ಒಬ್ಬರು ಹಿಡಿದುಕೊಂಡರು. ಇಬ್ಬರಿಗೂ ಎಪ್ಪತ್ತರ ಹತ್ತಿರ.

ಚಹಾ ಆಗುತ್ತಿತ್ತು. ವೀರಭದ್ರಪ್ಪನವರ ಕಣ್ಣು ಗೋಡೆಯ ನಕ್ಷೆಯ ಮೇಲೆ ಬಿತ್ತು, ಇದೇನೆಂದು ಕೇಳಿದರು. ನನ್ನನ್ನು ಯಾರಾದರೂ ಕೇಳಲಿ ಎಂದು ಕಾದು ಕುಳಿತವನು ನಾನು. ತ್ರಿಕೋನ ವೃತ್ತಗಳ ಪುರಾಣ ಬಿಚ್ಚಿದೆ. ಗಂಗವ್ವಾಯಿಯ ಕೆಳಗೆ ಜಾಗ ಖಾಲಿ ಇರುವುದನ್ನು ನೋಡಿ, ಅವರ ಸಂತತಿಯನ್ನು ಹೇಳಿದರೆ ಈಗಲೇ ತುಂಬುತ್ತೇನೆ ಎಂದೆ. ವೀರಭದ್ರಪ್ಪನವರು ಹೇಳಿದರು, ನಾನು ಬರೆದೆ. ಗಂಗವ್ವಾಯಿಯ ಮಗ, ಒಂದು ತ್ರಿಕೋನ. ಅವನ ಮಗ ಈರಣ್ಣ, ಇನ್ನೊಂದು. ಅತ್ತ ಚನ್ನವ್ವಾಯಿಯ ಕೆಳಗೆ ಮಲ್ಲಪ್ಪ ಮೊದಲೇ ಇದ್ದರು, ಅವರ ಕೆಳಗೆ ಕಸ್ತೂರಿ. ಬರೆದು, ಪೆನ್ನಿನ ಮುಚ್ಚಳ ಹಾಕಿ, ಹಿಂದೆ ಸರಿದು ನಿಂತು ನಾನೇ ಮೆಚ್ಚಿಕೊಂಡೆ. ವೀರಭದ್ರಪ್ಪನವರು ಎದ್ದು ಬಂದು ಈರಣ್ಣನ ಮೇಲೆ ಬೆರಳಿಟ್ಟು ಮೇಲೆ ಹೋದರು, ಅಡ್ಡಗೀಟು ದಾಟಿದರು, ಮತ್ತೆ ಕೆಳಗಿಳಿದು ಕಸ್ತೂರಿಯ ಮೇಲೆ ಬಂದು ನಿಂತರು. ಇನ್ನೊಮ್ಮೆ ಹಾಗೆಯೇ ಹತ್ತಿ ಇಳಿದರು.

“ಅಕ್ಕತಂಗಿ ಅಂತ ಕರೀತಾರ ಅನ್ನೋದು ಗೊತ್ತಿತ್ತು. ಊರಾಗ ಎಲ್ಲಾರೂ ಹಂಗ ಕರೀತಾರ” ಎಂದರು ಮೆಲ್ಲಗೆ. “ಇಲ್ಲಿ ನೋಡಿದ್ರ ಒಬ್ಬಪ್ಪನ ಹೊಟ್ಟೀಲೆ ಹುಟ್ಟ್ಯಾರ. ಹಂಗಾದ್ರ ನಮ್ಮ ಹುಡುಗಗ ಈ ಹುಡುಗಿ ತಂಗಿ ಆದ್ಲು.”

ಪುಸ್ತಕದಲ್ಲಿ ಮೂರು ತಿಂಗಳು ಓದಿದ್ದು ಆಗ ನನ್ನ ತಲೆಗೆ ಹೊಳೆಯಿತು. ಮಲ್ಲಪ್ಪನವರು ಓಡಿಬಂದು ನನ್ನ ಕಿವಿಯಲ್ಲಿ, ಹುಟ್ಟಿದ ತಂಗಿಯಲ್ಲ, ಉಡಿ ತುಂಬಿದ ತಂಗಿ, ಹೇಳು ಎಂದರು. ಸಂಗತಿ ಹೀಗಿತ್ತು: ಇಬ್ಬರೂ ಯಳವತ್ತಿಗೆ ಸೊಸೆಯಾಗಿ ಬಂದವರು, ಪಕ್ಕಪಕ್ಕದ ಮನೆ. ಗಂಗವ್ವಾಯಿಗೆ ತಂದೆತಾಯಿ ಇರಲಿಲ್ಲ. ಪಂಚಮಿಗೆ ಚನ್ನವ್ವಾಯಿಯ ಅಪ್ಪ ಮಗಳನ್ನು ಕರೆದೊಯ್ಯಲು ಮಾಗಡಿಯಿಂದ ಚಕ್ಕಡಿ ಕಟ್ಟಿಕೊಂಡು ಬಂದಾಗ ಪಕ್ಕದ ಬಾಗಿಲಲ್ಲಿ ಈ ಹುಡುಗಿ ನಿಂತು ನೋಡುತ್ತಿದ್ದಳು. ನೀನೂ ಬಾ ಎಂದರಂತೆ. ಅಂದಿನಿಂದ ಅವರು ಅಕ್ಕತಂಗಿ; ಮುಂದೆ ಗಂಗವ್ವಾಯಿಯ ಮನೆಯವರು ಮುಂಡರಗಿಗೆ ಹೋಗಿ ನೆಲೆಸಿದರೂ ಅದು ಬದಲಾಗಲಿಲ್ಲ. ಊರಿಗೆಲ್ಲ ಗೊತ್ತು. ಗೊತ್ತಿದ್ದದ್ದಕ್ಕೇ ನನಗೆ ಯಾರೂ ಹೇಳಲಿಲ್ಲ, ಹೇಳಿದ ಆಯಿಯ ಮಾತನ್ನು ನಾನು ಬರೆದುಕೊಳ್ಳಲಿಲ್ಲ.

ನಾನು ಎಲ್ಲರಿಗೂ ಕೇಳುವಂತೆ, ತಪ್ಪು ನನ್ನದು, ಇವರು ನಿಜವಾದ ಅಕ್ಕತಂಗಿಯರಲ್ಲ ಎಂದುಬಿಟ್ಟೆ. ಮದುವೆ ಉಳಿಸಿದೆನೆಂಬ ಧೈರ್ಯದಲ್ಲಿ ತಿರುಗಿ ನೋಡಿದರೆ ಗಂಗವ್ವಾಯಿಯ ಮುಖ ಬಾಡಿಹೋಗಿತ್ತು. ಅವರು ಹಿಡಿದುಕೊಂಡಿದ್ದ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆ ಕೈಯನ್ನು ನಾನು ಮರೆತಿಲ್ಲ. ವೀರಭದ್ರಪ್ಪನವರು ನ್ಯಾಯವಾಗಿಯೇ, ಹುಡುಗನ ಮಾತು ಬೇಡ, ಹಿರಿಯರೇ ಹೇಳಲಿ ಎಂದು ಚನ್ನವ್ವಾಯಿಯ ಕಡೆ ನೋಡಿದರು. ಗಂಗವ್ವ ನನ್ನ ತಂಗಿಯಲ್ಲ ಎಂಬ ಒಂದು ಮಾತು ಸಾಕಿತ್ತು. ಆಯಿ ಹೇಳಲಿಲ್ಲ. ಎದ್ದು ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಒಲೆಯ ಮುಂದೆ ಕಸ್ತೂರಿ ಹೊಸ ಸೀರೆಯಲ್ಲಿ ಕುಳಿತಿದ್ದಳು, ಅಳುತ್ತಿರಲಿಲ್ಲ, ಅದೇ ನೋಡಲು ಕಷ್ಟವಾಗಿತ್ತು. ಒಂದು ಮಾತು ಹೇಳಿಬಿಡಿ ಆಯಿ, ಗಂಗವ್ವಾಯಿ ತಪ್ಪು ತಿಳಿಯುವುದಿಲ್ಲ ಎಂದು ಗೋಗರೆದೆ.

“ಉಡಿ ಸಂಬಂಧ ಉಡಿ ತುಂಬಿದವರು ಇರೂತನಕ, ತಮ್ಮಾ” ಎಂದರು ಆಯಿ. “ನಾ ಸತ್ತರ ಆಕಿ ಈ ಮನಿಗೆ ಯಾರಂತ ಬರಬೇಕು? ಅದಕ್ಕ ಮೊಮ್ಮಗಳನ್ನ ಆ ಮನಿಗೆ ಕೊಡಾಕ ಹೊಂಟೀನಿ. ಈಗ ಆಕಿ ನನ್ನ ತಂಗಿ ಅಲ್ಲ ಅಂತ ನಾಕ ಮಂದ್ಯಾಗ ಹೇಳಿ ಕೊಡ್ಲೇನು? ಯಾರ ಸಲುವಾಗಿ ಕೊಡ್ಲಿ ಮತ್ತ?”

ಹೇಳಿದರೆ ತಂಗಿ ಹೋಗುತ್ತಾಳೆ, ಹೇಳದಿದ್ದರೆ ಮದುವೆ ಹೋಗುತ್ತದೆ, ಮದುವೆ ಹೋದರೆ ನಾಳೆ ತಂಗಿಯೂ ಹೋದ ಹಾಗೆಯೇ. ಈ ಇಕ್ಕಟ್ಟನ್ನು ತಂದಿಟ್ಟವನು ನಾನು, ಒಂದು ಪೆನ್ನು ಮತ್ತು ಒಂದು ಅಳತೆಪಟ್ಟಿಯಿಂದ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಹೊರಗೆ ಹೊರಡುವ ಸದ್ದು ಕೇಳಿಸಿತು. ನಾಲ್ಕರ ಬಸ್ಸಿಗೆ ಹೋಗೋಣ ಎಂದು ವೀರಭದ್ರಪ್ಪನವರು ಎದ್ದಿದ್ದರು, ಗಂಗವ್ವಾಯಿ ತಮ್ಮ ಕೈಚೀಲ ಎತ್ತಿಕೊಂಡಿದ್ದರು. ಅಷ್ಟು ಹೊತ್ತೂ ಮೂಲೆಯಲ್ಲಿ ಅಡಕೆ ಕತ್ತರಿಸುತ್ತ ಕುಳಿತಿದ್ದ ರುದ್ರಪ್ಪ ಮುತ್ಯಾ, ಕಿವಿ ಸ್ವಲ್ಪ ಮಂದವಾದ್ದರಿಂದ ಅರ್ಧಕ್ಕರ್ಧ ತಿಳಿಯದವರು, ಎದ್ದು ಹೋಗಿ ಆ ಚೀಲ ಕಸಿದುಕೊಂಡರು. ಉಣ್ಣದೆ ಹೋಗ್ತಿಯೇನು ಗಂಗವ್ವಾ, ನಿನ್ನ ನಾ ಯಾವತ್ತರೆ ಉಪವಾಸ ಕಳಿಸೀನೇನು ಎಂದು ಗದರಿದರು. ಅವರು ಇಲ್ಲ ಎಂದರು, ಇವರು ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದ ಆಯಿಯ ಮುಖ ಒಮ್ಮೆಲೇ ಬದಲಾಯಿತು. ಸೆರಗು ಸರಿಮಾಡಿಕೊಂಡು ಪಡಸಾಲೆಗೆ ಬಂದರು.

“ವೀರಭದ್ರಪ್ಪಾರ, ನಿಮ್ಮ ತಂಗೀನ ಪಂಚಮಿಗೆ ಕರಿಯಾಕ ವರ್ಷಾ ಯಾರು ಹೋಗ್ತಾರ್ರಿ?”

ಈರಣ್ಣನ ತಾಯಿಯೇ ಅವರ ತಂಗಿ. ತಾವೇ ಹೋಗುತ್ತೇವೆ, ಇವತ್ತಿನವರೆಗೆ ಒಂದು ವರ್ಷವೂ ತಪ್ಪಿಸಿಲ್ಲ ಎಂದರು ಅವರು, ಸ್ವಲ್ಪ ಹೆಮ್ಮೆಯಿಂದಲೇ.

“ನೀವ ಯಾಕ? ಆಕಿ ಅಕ್ಕನ ಗಂಡ ಯಾಕ ಹೋಗಂಗಿಲ್ಲ?”

ಪಂಚಮಿಗೆ ಕರೆಯಲು ಅಣ್ಣತಮ್ಮನಲ್ಲದೆ ಬೇರೆಯವರು ಹೋಗುತ್ತಾರೆಯೇ, ಎಂಥ ಮಾತು ಎಂದರು ವೀರಭದ್ರಪ್ಪ.

“ಗಂಗವ್ವಗ ಉಡಿ ತುಂಬಿದ ಮೂರ ವರ್ಷಕ್ಕ ನಮ್ಮಪ್ಪ ತೀರಿಕೊಂಡ. ಅಲ್ಲಿಂದ ಇಲ್ಲೀತನಕ ಗಂಗವ್ವನ್ನ ಕರಿಯಾಕ ಮುಂಡರಗಿಗೆ ಇವರ ಬರ್ತಾರ. ಉಡಿ ಇವರ ತುಂಬತಾರ. ಹಂಗಾದ್ರ ಆಕಿ ಇವರಿಗೆ ಏನಾದ್ಲು?”

ಮಲ್ಲಪ್ಪನವರು ಅಪ್ಪನ ಕಿವಿಯ ಹತ್ತಿರ ಹೋಗಿ ಪ್ರಶ್ನೆಯನ್ನು ಜೋರಾಗಿ ಹೇಳಿದರು. ಮುತ್ಯಾನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ಇದೇನು ಕೇಳುವ ಮಾತೇ, ಮುಂಡರಗಿಯಿಂದ ಇಲ್ಲಿಯವರೆಗೆ ಬಸ್ಸಿನಲ್ಲಿ ಕಿಟಕಿಯ ಜಾಗ ಯಾವಾಗಲೂ ಅವಳಿಗೇ ಬಿಟ್ಟುಕೊಟ್ಟಿದ್ದೇನೆ, ತಂಗಿಯಲ್ಲದವಳಿಗೆ ಯಾರು ಬಿಡುತ್ತಾರೆ ಎಂದು ಕೇಳಿದರು. ಚೀಲ ಇನ್ನೂ ಬೆನ್ನ ಹಿಂದೆಯೇ ಇತ್ತು.

ವೀರಭದ್ರಪ್ಪನವರು ಕುಳಿತುಕೊಂಡರು. ಅವರು ಕೆಟ್ಟ ಮನುಷ್ಯರಲ್ಲ, ನಾಳೆ ನಾಲ್ಕು ಮಂದಿ ಕೇಳಿದರೆ ಹೇಳಲು ಅವರಿಗೊಂದು ದಾರಿ ಬೇಕಾಗಿತ್ತು. ಬೆರಳು ಮಡಿಸಿ ಲೆಕ್ಕ ಹಾಕಿದರು: ಗಂಗವ್ವ ರುದ್ರಪ್ಪನವರ ತಂಗಿಯಾದರೆ, ಅಣ್ಣನ ಮಗ ಮಲ್ಲಪ್ಪ, ತಂಗಿಯ ಮಗ ಈರಣ್ಣನ ತಂದೆ, ಅವರಿಬ್ಬರು ಭಾವಮೈದುನರು. ಹಾಗಾದರೆ ಈರಣ್ಣನಿಗೆ ಕಸ್ತೂರಿ ಮಾವನ ಮಗಳು. ಬರೀ ಆಗುತ್ತದೆ ಎಂದಷ್ಟೇ ಅಲ್ಲ, ಬೇರೆ ಕಡೆ ಕೊಟ್ಟರೆ ಇವರು ಬಂದು ಜಗಳ ತೆಗೆಯುವಷ್ಟು ಹಕ್ಕಿನ ವರಸೆ! ಲೆಕ್ಕ ಮುಗಿಸಿ ತಲೆಯೆತ್ತಿ, ಹಂಗಾದ್ರ ಈ ಕಾಗದ ಸುಳ್ಳೇನು ಎಂದು ನನ್ನನ್ನೇ ನೋಡಿದರು. ಕಾಗದದ್ದೇನೂ ತಪ್ಪಿಲ್ಲ, ಹುಡುಗ ಇನ್ನೂ ಕಲಿಯುತ್ತಿದ್ದಾನೆ ಎಂದು ಆಯಿ ನನ್ನನ್ನು ಬಿಡಿಸಿಕೊಂಡರು. ಅವರ ದೊಡ್ಡತನಕ್ಕೆ ನನಗೆ ಅಲ್ಲಿಯೇ ಕಾಲಿಗೆ ಬೀಳಬೇಕೆನಿಸಿತು. ಬಾಗಿಲಲ್ಲಿ ಕಸ್ತೂರಿ ಈಗ ಅಳುತ್ತಿದ್ದಳು, ಗಂಗವ್ವಾಯಿ ಎದ್ದು ಹೋಗಿ ಅವಳನ್ನು ಎಳೆದು ತಂದು ಮಣೆಯ ಮೇಲೆ ಕೂರಿಸಿದರು. ನಿಶ್ಚಯವಾಯಿತು. ನಾಲ್ಕರ ಬಸ್ಸು ತಪ್ಪಿತು, ಯಾರೂ ಕೇಳಲಿಲ್ಲ.

ನಾನು ಪ್ರಾಮಾಣಿಕ ವಿದ್ಯಾರ್ಥಿ. ಕೇಳಿದ್ದನ್ನೆಲ್ಲ ಬರೆಯಬೇಕಲ್ಲ? ಗಂಗವ್ವಾಯಿಯನ್ನು ಚನ್ನವ್ವಾಯಿಯ ತಂಗಿಯೆಂದೂ ತೋರಿಸಿ, ರುದ್ರಪ್ಪ ಮುತ್ಯಾನ ತಂಗಿಯೆಂದೂ ತೋರಿಸಿ ನಕ್ಷೆಯನ್ನು ಧಾರವಾಡಕ್ಕೆ ಒಯ್ದೆ. ಗುರುಗಳು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ನಿನ್ನ ನಕ್ಷೆಯ ಪ್ರಕಾರ ಈ ಮುದುಕರು ತಮ್ಮ ಸ್ವಂತ ತಂಗಿಯನ್ನೇ ಮದುವೆಯಾಗಿದ್ದಾರೆ, ಲೋಕದಲ್ಲಿ ಹೀಗೆ ಎಲ್ಲೂ ಇಲ್ಲ, ಎರಡರಲ್ಲಿ ಒಂದು ಗೀಟು ತೆಗೆ ಎಂದರು. ಯಾವುದನ್ನು ತೆಗೆಯಲಿ? ಒಂದನ್ನು ತೆಗೆದರೆ ಆ ಎರಡು ಕೈ ನೆನಪಾಗುತ್ತಿತ್ತು, ಇನ್ನೊಂದನ್ನು ತೆಗೆದರೆ ಮದುವೆಯೇ ಮುರಿಯುತ್ತಿತ್ತು. ಎರಡನ್ನೂ ಇಟ್ಟು, ಹಿಂದಿನದನ್ನೆಲ್ಲ ಅವರಿಗೆ ಹೇಳಿದೆ. ಅವರು ನಕ್ಕರು, ಕಣ್ಣೊರೆಸಿಕೊಂಡರು, ಆಮೇಲೆ ನಿಯಮದ ಪ್ರಕಾರ ಅಂಕ ಕತ್ತರಿಸಿದರು. ನೆಂಟಸ್ತಿಕೆ ರಕ್ತದಿಂದ ಬರುತ್ತದೆ, ಮದುವೆಯಿಂದ ಬರುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಬಸ್ಸಿನ ಕಿಟಕಿಯ ಜಾಗದಿಂದಲೂ ಬರುತ್ತದೆ ಎಂದು ಎಲ್ಲಿ ಬರೆಯಬೇಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ವೈಶಾಖದಲ್ಲಿ ಮದುವೆಯಾಯಿತು. ಮರುವರ್ಷ ಪಂಚಮಿಗೆ ಆಯಿ, ಕಾಗದ ತೆಗೆದುಕೊಂಡು ಬಾ ಎಂದು ಗದಗಿಗೆ ಹೇಳಿಕಳಿಸಿದರು. ಹೋದೆ. ಮುತ್ಯಾ ಎರಡು ದಿನ ಮೊದಲೇ ಮುಂಡರಗಿಗೆ ಹೋಗಿ ಗಂಗವ್ವಾಯಿಯನ್ನೂ ಕಸ್ತೂರಿಯನ್ನೂ ಕರೆದುಕೊಂಡು ಬಂದಿದ್ದರು. ಮನೆಯೆಲ್ಲ ಶೇಂಗಾ ಉಂಡಿಯ ವಾಸನೆ. ಪಡಸಾಲೆಯಲ್ಲಿ ಇಬ್ಬರು ಮುದುಕಿಯರು ಒಂದೇ ಚಾಪೆಯ ಮೇಲೆ ಕಾಲು ಚಾಚಿ ಕುಳಿತಿದ್ದರು, ಗಂಗವ್ವಾಯಿಯ ತೊಡೆಯ ಮೇಲೆ ಕಸ್ತೂರಿಯ ಮೂರು ತಿಂಗಳ ಹೆಣ್ಣುಕೂಸು.

“ಇದನ್ನ ಬರಕೋ” ಎಂದರು ಚನ್ನವ್ವಾಯಿ. “ಇದು ಇಬ್ಬರದೂ. ಇನ್ನ ಯಾರರೆ ಬೆರಳಿಟ್ಟು ನೋಡ್ಲಿ.”

ಕಾಗದ ಹರಡಿ, ಕೆಳಗೆ ಒಂದು ಸಣ್ಣ ವೃತ್ತ ಬರೆದೆ. ಅದರಿಂದ ಒಂದು ಗೀಟು ಅಪ್ಪನ ಕಡೆಯಿಂದ ಮೇಲೆ ಹೋಗಿ ಗಂಗವ್ವಾಯಿಯನ್ನು ಮುಟ್ಟಿತು, ಇನ್ನೊಂದು ಅವ್ವನ ಕಡೆಯಿಂದ ಹೋಗಿ ಚನ್ನವ್ವಾಯಿಯನ್ನು ಮುಟ್ಟಿತು. ಇದನ್ನು ಯಾವ ಗುರುಗಳೂ ಅಳಿಸುವಂತಿರಲಿಲ್ಲ. ಗಂಗವ್ವಾಯಿ ಬಗ್ಗಿ ನೋಡಿ, ಹಾಗಾದರೆ ಈಗ ನಿನ್ನ ಶಾಸ್ತ್ರದಲ್ಲಿ ನಾವಿಬ್ಬರೂ ಏನಾಗಬೇಕು ಎಂದು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಮೊಮ್ಮಕ್ಕಳ ಮದುವೆಯ ಮೂಲಕ ನೀವಿಬ್ಬರೂ ಬೀಗತಿಯರು ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಹಲ್ಲಿಲ್ಲದ ಬಾಯಿ ಬಿಟ್ಟು, ಕೂಸು ಬೆಚ್ಚಿಬೀಳುವಂತೆ ನಕ್ಕರು. ಚನ್ನವ್ವಾಯಿ ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಅಡುಗೆಮನೆಯ ಬಾಗಿಲಿಗೆ ಹೋಗಿ ತಿರುಗಿ ನಿಂತು, “ಏ ಬೀಗತಿ, ಮಜ್ಜಿಗಿ ಕುಡೀತಿಯೇನ?” ಎಂದು ಕೂಗಿದರು.

ಗಂಗವ್ವಾಯಿ ಕೂಸನ್ನು ಇನ್ನೊಂದು ತೊಡೆಗೆ ಬದಲಿಸಿಕೊಂಡು, “ಉಪ್ಪು ಸ್ವಲ್ಪ ಮುಂದ ಮಾಡಿ ತಾ, ಅಕ್ಕಾ” ಎಂದರು.